ಲಂಕಾವಿಯಲ್ಲಿ ಎರಡು ಪಂಪು, ಒಂದು ಕ್ಯಾನು

ಗಂಗೊಳ್ಳಿ, ಹೊರಡುವ ಮೊದಲು

ವಿದೇಶಕ್ಕೆ ಹೋಗುವವರಿಗೆ ನನ್ನ ಮೊದಲ ಸಲಹೆ ಇದು: ನಿಮಗೆ ಬರುವ ಕೆಲಸ ಯಾವುದು ಅಂತ ಅಲ್ಲಿರುವ ನೆಂಟರಿಗೆ ಗೊತ್ತಿರಬಾರದು. ಡಾಕ್ಟರು ಹೋದರೆ ಮಂಡಿ ತೋರಿಸುತ್ತಾರೆ, ಜ್ಯೋತಿಷಿ ಹೋದರೆ ಕೈ ಚಾಚುತ್ತಾರೆ. ನಾನು ಗಂಗೊಳ್ಳಿ ಬಂದರಿನ ಹತ್ತಿರ ಬೋಟಿನ ಎಂಜಿನ್ ರಿಪೇರಿ ಮಾಡುವವನು, ಬಿಡಿಭಾಗದ ಅಂಗಡಿಯೂ ಇದೆ. ನನಗೆ ಏನು ತೋರಿಸಿಯಾರು ಅಂತ ಬೇರೆ ಹೇಳಬೇಕಾಗಿಲ್ಲ.

ತೋರಿಸಿದವನು ರಘುರಾಮ ಭಾವ, ನನ್ನ ಹೆಂಡತಿ ಜಲಜಾಳ ಅಣ್ಣ. ಬಿಜೂರಿನವ. ಮುಂಬಯಿಯ ಹೋಟೆಲಿನಲ್ಲಿ ತಟ್ಟೆ ತೊಳೆಯುವುದರಿಂದ ಶುರುಮಾಡಿ, ಗಲ್ಲಾ ಪೆಟ್ಟಿಗೆಯ ಮುಂದೆ ಕೂರುವವರೆಗೆ ಏರಿ, ಅಲ್ಲಿಂದ ಮಲೇಶ್ಯಾದ ಲಂಕಾವಿ ದ್ವೀಪಕ್ಕೆ ಹಾರಿ ಎರಡು ಸಸ್ಯಾಹಾರಿ ಹೋಟೆಲು ಮಾಡಿದವ. ಇಷ್ಟು ವರ್ಷದಲ್ಲಿ ಅವ ತನಗೆ ಅಂತ ಕೊಂಡದ್ದು ಒಂದೇ ವಸ್ತು, ಒಂದು ಹಳೆಯ ಹಾಯಿದೋಣಿ. ಮನೆಯವರೆಲ್ಲ ನಕ್ಕರು. ನಾನೂ ನಕ್ಕೆ. ಹಾಯಿ ಬಿಟ್ಟು ಎಂಜಿನ್ ಹಾಕಿಸಿಕೊಳ್ಳಲು ನಮ್ಮವರು ಸಾಲುಗಟ್ಟಿ ನಿಂತ ಕಾಲ ಕಂಡವನು ನಾನು. ಇವ ದುಡ್ಡು ಕೊಟ್ಟು ಹಾಯಿ ಕೊಂಡಿದ್ದ.

ಒಂದು ದಿನ ಅವನ ಫೋನು ಬಂತು. ನಾನು ಅವನಿಗೆ ಬಾವ, ಅವ ನನಗೂ ಬಾವ.

"ಬಾವ, ಒಂದ್ಸಲ ಬನ್ನಿ ಕಾಂಬ. ಟಿಕೇಟ್ ನಾನ್ ಕಳ್ಸ್ತೆ. ತಂಗಿನೂ ಕರ್ಕಂಡ್ ಬನ್ನಿ. ಊರ್ ಕಂಡಾಂಗೂ ಆಯ್ತ್."

"ಅಡ್ಡಿಲ್ಲೆ, ಬತ್ತೆ. ಎಂಜಿನ್ನಿಗೆ ಎಂತ ಆಯ್ತ್?"

"ನಿಮ್ಗ್ ಹ್ಯಾಂಗೆ ಗೊತ್ತಾಯ್ತ್?"

ಬಿಟ್ಟಿ ಟಿಕೇಟಿನ ಹಿಂದೆ ಏನಿರುತ್ತದೆ ಅಂತ ಗೊತ್ತಾಗದಿದ್ದರೆ ನಾನು ಅಂಗಡಿ ನಡೆಸಿದ ಹಾಗೇ. ವಿಷಯ ಇಷ್ಟು. ಹಾಯಿದೋಣಿಗೂ ಹೊಟ್ಟೆಯೊಳಗೆ ಒಂದು ಸಣ್ಣ ಡೀಸೆಲ್ ಎಂಜಿನ್ ಇರುತ್ತದೆ. ಗಾಳಿ ಇಲ್ಲದಾಗ ಮತ್ತು ಬಂದರಿನ ಇಕ್ಕಟ್ಟಿನಲ್ಲಿ ಅದೇ ಗತಿ. ಭಾವನ ಎಂಜಿನ್ನಿಗೆ ಟ್ಯಾಂಕಿನಿಂದ ಡೀಸೆಲ್ ಎಳೆದುಕೊಡುವ ಪಂಪು ಹಳತಾಗಿ, ಎಂಜಿನ್ ಎಲ್ಲೆಂದರಲ್ಲಿ ನಿಲ್ಲುತ್ತಿತ್ತು. ಬಂದರಿನ ಕಾಲುವೆಯ ನಡುವೆಯೇ ನಿಂತು, ಪಕ್ಕದವನ ದೋಣಿಗೆ ಗುದ್ದಿ, ಬಂದರಿನವರು ಹಗ್ಗ ಹಾಕಿ ಎಳೆದು ತಂದದ್ದೂ ಆಗಿತ್ತು, ಒಂದಲ್ಲ ಎರಡು ಸಲ. ಈಗ ಅಲ್ಲಿಯ ಮ್ಯಾನೇಜರಮ್ಮ ಕಡೇ ಮಾತು ಹೇಳಿದ್ದಳು: ಬರುವ ತಿಂಗಳ ಮೊದಲ ಶನಿವಾರ ನನ್ನ ಕಣ್ಣೆದುರು ಸ್ವಂತ ಎಂಜಿನ್ನಿನಲ್ಲಿ ಹೊರಗೆ ಹೋಗಿ ಒಳಗೆ ಬರಬೇಕು. ಇನ್ನೊಂದು ಸಲ ನಮ್ಮ ಹಗ್ಗ ಮುಟ್ಟಿದರೆ ದೋಣಿ ಕಟ್ಟುವ ಜಾಗ ಖಾಲಿ ಮಾಡಬೇಕು. ಜಾಗ ಹೋದರೆ ದೋಣಿ ಮಾರಲೇಬೇಕು, ಇನ್ನೆಲ್ಲೂ ಜಾಗ ಇಲ್ಲ.

"ಮಾರಿ ಬಿಡಿ ಅತ್ಲಾಗೆ," ಅಂದೆ.

"ಅದೊಂದ್ ಮಾತ್ ಹೇಳ್ಬೇಡಿ ಬಾವ," ಅಂದ. ಆ ದನಿ ಕೇಳಿ ಜಲಜ ನನ್ನ ಕೈಯಿಂದ ಫೋನು ಕಿತ್ತುಕೊಂಡು, "ನಾವ್ ಬತ್ತ್, ನೀ ಸುಮ್ನಿರ್ ಅಣ್ಣ," ಅಂದಳು.

ಲಂಕಾವಿ, ಇಳಿದ ದಿನ

ಎರಡನೆಯ ಸಲಹೆ: ಡೀಸೆಲ್ ಪಂಪನ್ನೂ ಹಪ್ಪಳವನ್ನೂ ಒಂದೇ ಚೀಲದಲ್ಲಿ ಇಡಬೇಡಿ. ಬ್ಯಾಟರಿಯಲ್ಲಿ ಓಡುವ ಎರಡು ಹೊಸ ಪಂಪು, ರಬ್ಬರ್ ಪೈಪು, ಕ್ಲಿಪ್ಪು, ವಾಷರು ಎಲ್ಲ ನಾನು ಊರಿನಿಂದಲೇ ಕಟ್ಟಿಕೊಂಡಿದ್ದೆ. ಜಾಗ ಉಳಿಸಲು ವಾಷರುಗಳನ್ನು ಜಲಜಾಳ ಸಂಡಿಗೆ ಡಬ್ಬಿಯೊಳಗೆ ತುಂಬಿದ್ದೆ. ವಿಮಾನ ನಿಲ್ದಾಣದ ಹುಡುಗಿ ಡಬ್ಬಿ ತೆಗೆದು, ಒಂದು ಕೈಯಲ್ಲಿ ಸಂಡಿಗೆ, ಇನ್ನೊಂದು ಕೈಯಲ್ಲಿ ತಾಮ್ರದ ವಾಷರು ಹಿಡಿದು, ಇದರಲ್ಲಿ ಯಾವುದು ತಿನ್ನುವುದು ಅಂತ ಕೇಳಿದಳು. ಜಲಜ ನನ್ನ ಕಡೆ ನೋಡಿದ ನೋಟ ಇಡೀ ಪ್ರವಾಸಕ್ಕೆ ಸಾಕಾಯಿತು.

ನಿಲ್ದಾಣದಲ್ಲಿ ಕಾದಿದ್ದ ಭಾವನ ಜೊತೆ ಅವನ ಹೋಟೆಲಿಗೆ ಹೋದರೆ ಬಾಗಿಲು ಹಾಕಿತ್ತು. ಇನ್ನೊಂದು ಹೋಟೆಲಿಗೆ ಹೋದೆವು. ಅದಕ್ಕೂ ಬಾಗಿಲು.

"ಎಂತ ಬಾವ, ನಮ್ಮ ಮರ್ಯಾದಿಗೆ ರಜೆ ಕೊಟ್ರ್ಯಾ?"

"ಅಲ್ಲ ಮಾರಾಯ್ರೆ. ಅಡ್ಗಿ ಭಟ್ರ್ ಶಿರೂರಿಗೆ ಹೋಯ್ರ್, ತಂಗಿ ಮದಿಗೆ."

"ಎರಡು ಹೋಟ್ಲ್ ಎಂತಕೆ ಮಾಡಿದ್ರಿ?"

"ಒಂದ್ ಕೈ ಕೊಟ್ರೆ ಇನ್ನೊಂದ್ ಇರ್ಲಿ ಅಂದೇಳಿ."

"ಎರಡಕ್ಕೂ ಭಟ್ರ್ ಎಷ್ಟ್ ಜನ?"

ಭಾವ ಸಾಮಾನು ಇಳಿಸುವ ನೆಪದಲ್ಲಿ ಆಚೆ ತಿರುಗಿದ. ನಾನು ಬಿಡುವ ಜನ ಅಲ್ಲ. ವ್ಯಾಪಾರದ ಮೂಲ ಪಾಠವನ್ನು ಅಲ್ಲೇ ರಸ್ತೆಯ ಬದಿಯಲ್ಲಿ ನಿಂತು ಹೇಳಿದೆ: ಅಂಗಡಿ ಎರಡು ಮಾಡಿದರೆ ಸಾಲದು, ಕೈ ಎರಡು ಬೇಕು. ಒಬ್ಬನೇ ಭಟ್ಟನಿಗೆ ಎರಡು ಬೋರ್ಡು ತೂಗುಹಾಕಿದರೆ ಅದು ಎರಡು ಹೋಟೆಲು ಆಗುವುದಿಲ್ಲ, ಒಂದು ಹೋಟೆಲಿಗೆ ಎರಡು ಬಾಡಿಗೆ ಆಗುತ್ತದೆ. ಭಾವ ಎಲ್ಲದಕ್ಕೂ "ಹೌದ್, ಹೌದ್" ಅಂದ. ಈ ಪಾಠವನ್ನು ಓದುಗರು ನೆನಪಿಟ್ಟುಕೊಳ್ಳಿ. ಭಾವ ನೆನಪಿಟ್ಟುಕೊಂಡಿದ್ದ.

ಮರುದಿನದಿಂದ ಜಲಜ ಒಂದು ಹೋಟೆಲಿನ ಒಲೆ ಹಚ್ಚಿದಳು. ಊರು ಕಾಣಲು ಬಂದವಳು ಉದ್ದು ರುಬ್ಬುತ್ತಾ ಕೂತಳು. ಅಲ್ಲಿಯ ಜನ ಬೆಳಿಗ್ಗೆ ಪರೋಟದಂಥ ಒಂದನ್ನು ಮೀನಿನ ಸಾರಿನಲ್ಲಿ ಅದ್ದಿ ತಿಂದು, ಚಹಾವನ್ನು ಒಂದು ಲೋಟದಿಂದ ಇನ್ನೊಂದಕ್ಕೆ ಮಾರುದ್ದ ಎಳೆದು ಕುಡಿಯುತ್ತಾರೆ. ಮಾತು ಕಡಿಮೆ. ನಮ್ಮ ಕುಂದಾಪುರದ ಹೋಟೆಲಿನಲ್ಲಿ ಒಂದು ಚಹಾಕ್ಕೆ ಎರಡು ಪೇಪರು, ಮೂರು ಜಗಳ ಮುಗಿಯುತ್ತದೆ. ಇವರು ಕುಡಿದು ಎದ್ದು ಹೋಗುತ್ತಾರೆ. ಹೀಗಾದರೆ ಊರಿನ ಸುದ್ದಿ ಯಾರಿಗೆ ಗೊತ್ತಾಗುವುದು?

ಮರೀನಾ

ಮರೀನಾ ಅಂದರೆ ಬೆಂಜ್ ಕಾರಿಗೆ ಗ್ಯಾರೇಜು ಇದ್ದ ಹಾಗೆ, ಹಾಯಿದೋಣಿಗೆ. ಸಾಲಾಗಿ ಬಿಳಿ ದೋಣಿಗಳು, ಒಂದೊಂದಕ್ಕೂ ನೀರು, ಕರೆಂಟು. ಮೀನಿನ ವಾಸನೆ ಇಲ್ಲ, ಐಸಿನ ಲಾರಿ ಇಲ್ಲ, ಯಾರೂ ಯಾರಿಗೂ ಬಯ್ಯುವುದಿಲ್ಲ. ಇದನ್ನು ಬಂದರು ಅನ್ನಲು ನನಗೆ ನಾಲಿಗೆ ಏಳಲಿಲ್ಲ.

ಅಲ್ಲಿ ವಾಸ ಇರುವವರು ಹೆಚ್ಚಿನವರು ಬಿಳಿಯರು, ನಿವೃತ್ತರು. ಚಪ್ಪಲಿ ಇಲ್ಲ, ಹರಕು ಚಡ್ಡಿ, ಗಡ್ಡ. ನೋಡಿದರೆ ನಾವೇ ಚಹಾ ಕುಡಿಸಬೇಕು ಅನಿಸುತ್ತದೆ. ದೋಣಿಯ ಬೆಲೆಯಲ್ಲಿ ಬ್ರಹ್ಮಾವರದಲ್ಲಿ ಒಂದು ಕಲ್ಯಾಣ ಮಂಟಪ ಕಟ್ಟಬಹುದು, ಆದರೆ ಒಂದು ಬೋಲ್ಟು ಕೊಳ್ಳಲು ಮೂರು ದಿನ ಚರ್ಚೆ. ಚೌಕಾಸಿ ಮಾಡಲು ಬರುವುದಿಲ್ಲ, ಬರೇ ಬೇಸರ ಮಾಡಿಕೊಳ್ಳಲು ಬರುತ್ತದೆ. ನಾನು ಒಂದು ದಿನ ಒಬ್ಬನ ಪರವಾಗಿ ಅಂಗಡಿಯವನ ಹತ್ತಿರ ಮಾತಾಡಿ ಪೈಪಿನ ಜೊತೆ ಕ್ಲಿಪ್ಪು ಬಿಟ್ಟಿ ಕೊಡಿಸಿದೆ. ಅವ ಮರುದಿನ ತನ್ನ ಹೆಂಡತಿಯನ್ನು ಕರೆತಂದು ನನ್ನನ್ನು ತೋರಿಸಿದ.

ಭಾವನ ದೋಣಿಯ ಪಕ್ಕದಲ್ಲಿ ರಾಲ್ಫ್ ಅಂತ ಒಬ್ಬ ಹಾಲೆಂಡಿನವನು. ಇವನ ದೋಣಿಗೇ ಭಾವ ಗುದ್ದಿದ್ದು. ಆದರೂ ಸಿಟ್ಟಿಲ್ಲ. ನಾನು ಪಂಪು ಹಾಕಲು ಬಂದವನು ಅಂತ ತಿಳಿದು, ಕೈ ಹಿಡಿದು ತನ್ನ ದೋಣಿಗೆ ಕರೆದುಕೊಂಡು ಹೋಗಿ ಎಂಜಿನ್ ಗೂಡು ತೆರೆದು ತೋರಿಸಿದ. ಡೀಸೆಲಿಗೆ ಪಂಪು, ಅದಕ್ಕೊಂದು ಬದಲಿ ಪಂಪು, ಬದಲಿಗೂ ಬದಲಿ ಒಂದು ಎಣ್ಣೆ ಕಾಗದದಲ್ಲಿ ಸುತ್ತಿ ಇಟ್ಟಿದ್ದಾನೆ. ಫಿಲ್ಟರು ಎರಡು ಸಾಲು. ಎಲ್ಲದಕ್ಕೂ ಚೀಟಿ. ಒಂದು ಹನಿ ಎಣ್ಣೆ ಕೆಳಗೆ ಬಿದ್ದಿಲ್ಲ. ಅಲ್ಲಿ ಕೂತು ಊಟ ಮಾಡಬಹುದು.

"ಈ ದೋಣಿ ಎಲ್ಲಿಗೆಲ್ಲ ಹೋಗಿ ಬಂತು?" ಅಂತ ನನ್ನ ಹರಕು ಇಂಗ್ಲಿಷಿನಲ್ಲಿ ಕೇಳಿದೆ.

ಅವನ ಮುಖ ಬೆಳಗಿತು. "ಮುಂದಿನ ಸೀಸನ್ನಿಗೆ ಹೊರಡುತ್ತೇನೆ."

ಆಮೇಲೆ ಭಾವ ಹೇಳಿದ: "ನಾನ್ ಬಂದಾಗಳಿಂದ ಅದೇ ಹೇಳ್ತ. ಇನ್ನೂ ಎಂತದೋ ಒಂದ್ ಬದ್ಲಿ ಹಾಕುಕಿತ್ತಂಬ್ರ್."

ನಮ್ಮ ಗಂಗೊಳ್ಳಿಯ ಬೋಟಿನಲ್ಲಿ ಒಂದು ಪಂಪು, ಒಂದು ಸ್ಕ್ರೂಡ್ರೈವರು, ಒಂದು ಹಳೆಯ ಚಪ್ಪಲಿ ಇರುತ್ತದೆ. ಚಪ್ಪಲಿಯಿಂದ ಎಣ್ಣೆ ಸೋರದ ಹಾಗೆ ನಡುವೆ ಇಡುವ ಗ್ಯಾಸ್ಕೆಟ್ ಕತ್ತರಿಸಬಹುದು. ಅಷ್ಟರಲ್ಲೇ ಅವರು ಕರಾವಳಿ ಉದ್ದಕ್ಕೂ ಹೋಗಿ ಬರುತ್ತಾರೆ. ಎಲ್ಲ ಇದ್ದವ ಕಟ್ಟಿಕೊಂಡು ಕೂತಿದ್ದಾನೆ. ಇದನ್ನು ನಾನು ಭಾವನಿಗೆ ಹೇಳಿದೆ, ಜಲಜಾಳಿಗೆ ಹೇಳಿದೆ, ಊರಿಗೆ ಫೋನು ಮಾಡಿಯೂ ಹೇಳಿದೆ.

ಎಂಜಿನ್ ಗೂಡು

ಹಾಯಿದೋಣಿಯ ಎಂಜಿನ್ ರಿಪೇರಿ ಮಾಡಬೇಕಾದರೆ ಮೊದಲು ತೊಟ್ಟಿಲಲ್ಲಿ ಮಲಗುವ ಗಾತ್ರಕ್ಕೆ ಬರಬೇಕು. ಮೆಟ್ಟಿಲಿನ ಹಿಂದೆ ಒಂದು ಪೆಟ್ಟಿಗೆ, ಅದರೊಳಗೆ ಎಂಜಿನ್. ಒಂದು ಕೈ ಒಳಗೆ ಹೋದರೆ ಕಣ್ಣು ಹೊರಗೆ. ಕಣ್ಣು ಒಳಗೆ ಹೋದರೆ ಕೈಗೆ ಜಾಗ ಇಲ್ಲ. ಇದನ್ನು ಮಾಡಿದ ಮಹಾಶಯ ಎಂಜಿನ್ ಹಾಳಾಗುವ ವಸ್ತು ಅಂತ ಕೇಳಿಯೇ ಇರಲಿಲ್ಲ.

ಹಳೆಯ ಪಂಪಿನ ಒಳಗಿನ ರಬ್ಬರ್ ಪದರ ಹರಿದಿತ್ತು. ಅದನ್ನು ತೆಗೆದು ಹಾಕಿದೆ. ಎರಡು ಹೊಸ ಪಂಪನ್ನು ಅಕ್ಕಪಕ್ಕ ಕೂರಿಸಿದೆ. ಒಂದು ನಿಂತರೆ ಇನ್ನೊಂದು. ಒಂದು ತಳ್ಳಿದ ಡೀಸೆಲ್ ಇನ್ನೊಂದರ ಮೂಲಕ ಹಿಂದೆ ಓಡದ ಹಾಗೆ ಎರಡಕ್ಕೂ ಒಮ್ಮುಖದ ವಾಲ್ವು. ಎರಡಕ್ಕೂ ಬೇರೆ ಸ್ವಿಚ್ಚು, ಬೇರೆ ಫ್ಯೂಸು, ಬೇರೆ ಬೇರೆ ಬ್ಯಾಟರಿಯಿಂದ ವೈರು. ಈ ಕೆಲಸ ನಿಮಗೂ ಬಂದೀತು, ಬಂದರೆ ಇದನ್ನು ಮರೆಯಬೇಡಿ: ಎರಡು ಪಂಪಿಗೆ ಒಂದೇ ಫ್ಯೂಸು ಹಾಕಿದರೆ ಅದು ಒಂದೇ ಪಂಪು.

ಕಟ್ಟೆಗೆ ಕಟ್ಟಿದ್ದಲ್ಲೇ ಎಂಜಿನ್ ಚಾಲೂ ಮಾಡಿದೆ. ಒಂದನೇ ಪಂಪಿನಲ್ಲಿ ಓಡಿತು. ಆಫ್ ಮಾಡಿ ಎರಡನೆಯದು ಹಾಕಿದೆ, ದನಿ ಕೂಡ ಬದಲಾಗದೆ ಓಡಿತು. ಭಾವ ಎಂಜಿನ್ನಿಗೆ ಕೈ ಮುಗಿದ. ರಾಲ್ಫ್ ಬಂದು ನೋಡಿ, ಮೂರನೆಯದು ಎಲ್ಲಿ ಅಂತ ಕೇಳಿದ.

ಟ್ಯಾಂಕಿನಲ್ಲಿ ಡೀಸೆಲ್ ತಳ ಮುಟ್ಟಿತ್ತು. ಮರೀನಾದ ಬಂಕಿನಲ್ಲೇ ತುಂಬಿಸುತ್ತೇನೆ ಅಂತ ಭಾವ ಹೊರಟ. ನಾನು ತಡೆದೆ. ಪೇಟೆಯ ಬಂಕಿನಲ್ಲಿ ಅದೇ ಡೀಸೆಲ್ ಕಡಿಮೆಗೆ ಸಿಗುವಾಗ ಇಲ್ಲಿ ಯಾಕೆ ಸುರಿಯಬೇಕು? ಪೇಟೆಯಿಂದ ಒಂದು ಕೆಂಪು ಕ್ಯಾನಿನಲ್ಲಿ ತುಂಬಿಸಿ ತಂದೆವು. ಶನಿವಾರ ಹೋಗಿ ಬರಲು ತಳದಲ್ಲಿದ್ದದ್ದೇ ಧಾರಾಳ, ಆಮೇಲೆ ನಿಧಾನ ಸುರಿದರಾಯಿತು ಅಂದೆ. ಕ್ಯಾನು ದೋಣಿಯ ಮೂಲೆಯಲ್ಲಿ ಕೂತಿತು.

ಶುಕ್ರವಾರ ಸಂಜೆ ನಾನು ಮ್ಯಾನೇಜರಮ್ಮನನ್ನು ಕಾಣಲು ಹೋದೆ. ಹೆಸರು ಸಲ್ಮಾ, ಎಲ್ಲರೂ ಪುವಾನ್ ಸಲ್ಮಾ ಅನ್ನುತ್ತಾರೆ, ನಮ್ಮಲ್ಲಿ ಅಮ್ಮನವರು ಅಂದ ಹಾಗೆ. ಗಾಳಿ ಜೋರಿದ್ದರೆ ಪರೀಕ್ಷೆಯನ್ನು ಭಾನುವಾರಕ್ಕೆ ಹಾಕಬಹುದೇ, ಹಗ್ಗ ಮುಟ್ಟಿದರೂ ಎಳೆಯದಿದ್ದರೆ ಅದು ಲೆಕ್ಕವೇ ಅಂತ ಸಣ್ಣದಾಗಿ ಚೌಕಾಸಿ ಶುರುಮಾಡಿದೆ. ಆಕೆ ನಗುತ್ತಾ ನನಗೆ ಚಹಾ ಕೊಟ್ಟಳು, ಬಿಸ್ಕತ್ತು ಕೊಟ್ಟಳು, ಊರು ಹೇಗಿದೆ ಅಂತ ಕೇಳಿದಳು, ಪ್ರತಿಯೊಂದಕ್ಕೂ "ತಾ ಬೊಲೇ" ಅಂದಳು. ಆಗುವುದಿಲ್ಲ ಅಂತ ಅರ್ಥ. ಗಂಗೊಳ್ಳಿಯಲ್ಲಿ ಆಗುವುದಿಲ್ಲ ಅಂದರೆ ಮಾತು ಅಲ್ಲಿಂದ ಶುರು. ಇಲ್ಲಿ ಅಲ್ಲಿಗೇ ಮುಗಿಯಿತು. ಖಾಲಿ ಕೈಯಲ್ಲಿ ಎದ್ದು ಬರುವುದು ನನಗೆ ರೂಢಿ ಇಲ್ಲ.

ಶನಿವಾರ, ಕಾಲುವೆಯ ಬಾಯಿ

ಹೋಗುವಾಗ ಎಂಜಿನ್ ಗಡಿಯಾರದ ಹಾಗೆ ಓಡಿತು. ಪುವಾನ್ ಸಲ್ಮಾ ಜೆಟ್ಟಿಯ ತುದಿಯಲ್ಲಿ ಕೊಡೆ ಹಿಡಿದು ನಿಂತಿದ್ದಳು. ಬಿಳಿಯರೆಲ್ಲ ಕುರ್ಚಿ ತಂದು ಕೂತಿದ್ದರು. ದೋಣಿಯಲ್ಲಿ ಭಾವ, ನಾನು, ಒಲೆಗೆ ರಜೆ ಕೊಟ್ಟು ಬಂದ ಜಲಜ. ನಾನು ಕೈ ಬೀಸಿದೆ.

ಹೊರಗೆ ಸಮುದ್ರಕ್ಕೆ ಬಂದದ್ದೇ ಭಾವ ಬೇರೆ ಮನುಷ್ಯನಾದ. ಹೋಟೆಲಿನಲ್ಲಿ ಬಗ್ಗಿಯೇ ಇರುವ ಬೆನ್ನು ನೆಟ್ಟಗಾಯಿತು. "ತಂಗಿ, ಒಂದ್ ಗಳ್ಗಿ ಹಾಯಿ ಕಟ್ಟಿ ತೋರ್ಸ್ತೆ ಕಾಣ್," ಅಂದು, ಎಂಜಿನ್ ಓಡುತ್ತಿದ್ದ ಹಾಗೇ ಹಗ್ಗ ಎಳೆದ. ಹಾಯಿ ಏರಿತು. ದೋಣಿ ಒಂದು ಬದಿಗೆ ವಾಲಿತು. ನಮ್ಮ ಬೋಟು ಅಲೆಗೆ ಓಲಾಡುತ್ತದೆ, ಆಚೆ ಹೋದದ್ದು ಈಚೆ ಬರುತ್ತದೆ. ಇದು ವಾಲಿದ್ದು ವಾಲಿಯೇ ಇತ್ತು. ಜಲಜ ಕಂಬ ಹಿಡಿದುಕೊಂಡು ನಗುತ್ತಿದ್ದಳು. ಅಣ್ಣ ತಂಗಿ ಇಬ್ಬರೂ ಬಿಜೂರಿನ ಗದ್ದೆಯಲ್ಲಿ ಬಾಳೆ ದಿಂಡಿನ ಮೇಲೆ ತೇಲಿದ್ದನ್ನು ಹೇಳಿಕೊಂಡು ನಕ್ಕರು. ಇವ ಯಾಕೆ ಇದನ್ನು ಮಾರಲು ಒಪ್ಪಲಿಲ್ಲ ಅಂತ ನನಗೆ ಅಲ್ಲಿ ಗೊತ್ತಾಯಿತು.

ತಿರುಗಿ ಬಂದು, ಹಾಯಿ ಇಳಿಸಿ, ಕಾಲುವೆಯ ಬಾಯಿಗೆ ತಲುಪಿದಾಗ ಎಂಜಿನ್ ಕೆಮ್ಮಿತು.

"ಬಾವ," ಅಂದ ರಘುರಾಮ.

"ಹೆದ್ರಬೇಡಿ. ಅದಕ್ಕೇ ಎರಡು ಹಾಕಿದ್ದ್," ಅಂತ ನಾನು ಜೆಟ್ಟಿಯವರಿಗೂ ಕಾಣುವ ಹಾಗೆ ಕೈ ಎತ್ತಿ ಎರಡನೇ ಸ್ವಿಚ್ಚು ಹಾಕಿದೆ. ಎರಡನೇ ಪಂಪು ಟಕಟಕ ಅಂದಿತು. ಎಂಜಿನ್ ಇನ್ನೊಮ್ಮೆ ಕೆಮ್ಮಿ ನಿಂತಿತು. ಎರಡೂ ಸ್ವಿಚ್ಚು ಹಾಕಿದೆ. ಎರಡೂ ಪಂಪು ಖಾಲಿ ಹೊಟ್ಟೆಯಲ್ಲಿ ಕಿರುಚಿಕೊಂಡವು.

ನೀರಿನ ಸೆಳೆತ ನಮ್ಮನ್ನು ಕಲ್ಲಿನ ಗೋಡೆಯ ಕಡೆಗೆ ತಳ್ಳುತ್ತಿತ್ತು. ಬಂದರಿನ ಸಣ್ಣ ದೋಣಿ ಆಗಲೇ ಹೊರಟಿತ್ತು. ಅದರಲ್ಲಿದ್ದವ ಒಳ್ಳೆಯ ಮನುಷ್ಯ, ಹಗ್ಗವನ್ನು ಸುರುಳಿ ಮಾಡಿ ಎಸೆಯಲು ಎತ್ತಿದ. ಭಾವನ ಕೈ ತಾನಾಗಿ ಮುಂದೆ ಹೋಯಿತು.

"ಅಣ್ಣ, ಮುಟ್ಬೇಡ," ಅಂದಳು ಜಲಜ.

"ಕಲ್ಲಿಗೆ ಹೊಡಿತ್ತಲ್ಲೆ."

"ಆಂಕ್ರ್ ಬಿಡಿ," ಅಂದೆ ನಾನು. "ಅದ್ ಅವ್ರ ಹಗ್ಗ ಅಲ್ಲ."

ಭಾವ ಓಡಿ ಲಂಗರು ಬಿಟ್ಟ. ದೋಣಿ ಒಮ್ಮೆ ಜಗ್ಗಿ, ಗೋಡೆಯಿಂದ ಸ್ವಲ್ಪ ಈಚೆ ನಿಂತಿತು. ಜೆಟ್ಟಿಯಿಂದ ಪುವಾನ್ ಸಲ್ಮಾ ಸೀಟಿ ಊದಿದಳು. ಕಾಲುವೆಯಲ್ಲಿ ಲಂಗರು ಹಾಕುವಂತಿಲ್ಲ. ಎಲ್ಲದಕ್ಕೂ ತಾ ಬೊಲೇ.

ನಾನು ಎಂಜಿನ್ ಗೂಡಿಗೆ ಹೊಕ್ಕು ಟ್ಯಾಂಕಿನಿಂದ ಬರುವ ಪೈಪು ಕಳಚಿದೆ. ಒಂದು ಹನಿ ಡೀಸೆಲ್ ಇಲ್ಲ. ಬಾಯಿ ಹಾಕಿ ಎಳೆದೆ. ಕಪ್ಪು ಗಸಿ ನಾಲಿಗೆಗೆ ತಾಗಿತು. ಆಗ ತಿಳಿಯಿತು. ತಿಂಗಳುಗಟ್ಟಲೆ ಕಟ್ಟಿ ನಿಂತ ದೋಣಿ. ಟ್ಯಾಂಕಿನ ತಳದಲ್ಲಿ ಗಸಿ ಗಂಜಿಯ ಹಾಗೆ ಕೂತಿತ್ತು. ಕಟ್ಟೆಯಲ್ಲಿ ದೋಣಿ ಅಲುಗಲಿಲ್ಲ, ಗಸಿಯೂ ಏಳಲಿಲ್ಲ. ಇವತ್ತು ವಾಲಿದ್ದೇ ತಳದ ಸ್ವಲ್ಪ ಡೀಸೆಲಿನೊಡನೆ ಅದೂ ಎದ್ದು, ಹೀರುವ ಪೈಪಿನ ಬಾಯಿಗೆ ಗೂಟ ಹೊಡೆದ ಹಾಗೆ ಕೂತಿತು. ನಮ್ಮ ಗಂಗೊಳ್ಳಿಯ ಬೋಟುಗಳು ದಿನಾ ಹೋಗುವಂಥವು. ಅವಕ್ಕೆ ಗಸಿ ಕೂರಲು ಪುರುಸೊತ್ತೇ ಇಲ್ಲ. ಟ್ಯಾಂಕು ತೆರೆದು ನೋಡಬೇಕು ಅಂತ ನನಗೆ ಹೊಳೆಯಲೇ ಇಲ್ಲ. ಎರಡು ಪಂಪು, ಎರಡು ಫ್ಯೂಸು, ಎರಡು ಬ್ಯಾಟರಿ, ಹೀರುವ ಬಾಯಿ ಮಾತ್ರ ಒಂದು.

ಮೂಲೆಯಲ್ಲಿ ಕೆಂಪು ಕ್ಯಾನು ಕೂತಿತ್ತು.

ಪಂಪು ಹಾಳಾದರೆ ನಮ್ಮವರು ಏನು ಮಾಡುತ್ತಾರೆ? ಕ್ಯಾನನ್ನು ಕ್ಯಾಬಿನ್ನಿನ ಮಾಡಿನ ಮೇಲೆ ಕಟ್ಟಿ, ಪೈಪನ್ನು ನೇರ ಎಂಜಿನ್ನಿಗೆ ಇಳಿಸಿ ಮನೆಗೆ ಬರುತ್ತಾರೆ. ಡೀಸೆಲಿಗೆ ಕೆಳಗೆ ಇಳಿಯಲು ಯಾರೂ ಕಲಿಸಬೇಕಾಗಿಲ್ಲ. ಇಲ್ಲಿ ಕಟ್ಟಲು ಅಂಥ ಎತ್ತರದ ಮಾಡೂ ಇಲ್ಲ, ಹೊತ್ತೂ ಇಲ್ಲ.

"ಜಲಜ, ಇದನ್ನ್ ಎತ್ತಿ ಹಿಡ್ಕೋ."

"ಎಷ್ಟ್ ಹೊತ್ತ್?"

"ಕಟ್ಟೆಗೆ ಮುಟ್ಟುವರಿಗೆ."

ಅವಳು ಸೆರಗು ಸಿಕ್ಕಿಸಿಕೊಂಡು ಕ್ಯಾನನ್ನು ಭುಜದ ಮೇಲೆ ಏರಿಸಿ ಮೆಟ್ಟಿಲಿನ ತಲೆಯಲ್ಲಿ ನಿಂತಳು. ನಾನು ಮಿಕ್ಕಿದ್ದ ರಬ್ಬರ್ ಪೈಪನ್ನು ಕ್ಯಾನಿಗೆ ಇಳಿಬಿಟ್ಟು, ಬಾಯಲ್ಲಿ ಎಳೆದು, ಅರ್ಧ ಗುಕ್ಕು ಡೀಸೆಲ್ ಕುಡಿದು, ಎಂಜಿನ್ನಿನ ಫಿಲ್ಟರಿಗೆ ಸಿಕ್ಕಿಸಿದೆ. ಗಾಳಿ ತೆಗೆಯುವ ಸ್ಕ್ರೂ ಸಡಿಲಿಸಿದೆ. ಗುಳ್ಳೆ ಬಂತು, ಇನ್ನೂ ಗುಳ್ಳೆ ಬಂತು, ಆಮೇಲೆ ಡೀಸೆಲ್ ಬಂತು. ಸ್ಕ್ರೂ ಬಿಗಿದೆ.

"ಹೊಡೀರಿ ಬಾವ."

ಎಂಜಿನ್ ಎರಡು ಸಲ ನರಳಿ ಹಿಡಿದುಕೊಂಡಿತು. ಭಾವ ಲಂಗರು ಎಳೆದ. ಹಗ್ಗದವನು ಹಗ್ಗವನ್ನು ಕೈಯಲ್ಲೇ ಇಟ್ಟುಕೊಂಡು ನಮ್ಮ ಪಕ್ಕದಲ್ಲೇ ಬಂದ, ಮದುವೆ ದಿಬ್ಬಣದ ಹಾಗೆ.

"ಮದಿ ಆದಾಗಳಿಂದ ನಿಮ್ಮ ಸಾಮಾನ್ ಹಿಡ್ಕಂಡೇ ನಿಂತಿದ್ದೆ," ಅಂತ ಮೇಲಿನಿಂದ ಜಲಜ. "ಸಮುದ್ರದಗೆ ಒಂದ್ ಬಾಕಿ ಇತ್ತ್."

"ಓರೆ ಮಾಡ್ಬೇಡ, ಗಾಳಿ ಎಳಿತ್ತ್."

"ನೀವ್ ಹೇಳುದ್ ನಿಲ್ಸಿ. ಕೈ ನಂದ್ ನೋಯುದ್."

ಭಾವ ಚಕ್ರ ಹಿಡಿದು ಎದುರು ನೋಡುತ್ತಲೇ, ಬಹಳ ಸಾವಧಾನವಾಗಿ ಕೇಳಿದ: "ಹ್ವಾಯ್ ಬಾವ, ಎರಡು ಪಂಪಿಗೆ ಭಟ್ರ್ ಎಷ್ಟ್ ಜನ?"

ನಾನು ಬಾಯಲ್ಲಿ ಉಳಿದಿದ್ದ ಡೀಸೆಲ್ ಉಗಿದು, ಬಿಗಿದ ಸ್ಕ್ರೂವನ್ನೇ ಇನ್ನೊಮ್ಮೆ ಬಿಗಿದೆ.

ಕಟ್ಟೆಗೆ ತಾಗಿದಾಗ ಬಿಳಿಯರು ಚಪ್ಪಾಳೆ ತಟ್ಟಿದರು. ಪುವಾನ್ ಸಲ್ಮಾ ಹತ್ತಿರ ಬಂದು ಕ್ಯಾನು ನೋಡಿದಳು, ಪೈಪು ನೋಡಿದಳು, ಜಲಜಾಳನ್ನು ಬಹಳ ಹೊತ್ತು ನೋಡಿದಳು.

"ಈ ಮೇಡಂ ದೋಣಿಯ ಭಾಗವೇ?"

"ನನ್ನ ತಂಗಿ," ಅಂದ ಭಾವ.

"ಲಂಗರು ಹಾಕಿದ್ದು ತಪ್ಪು," ಅಂದಳು. "ಆದರೆ ಹಗ್ಗ ಮುಟ್ಟಲಿಲ್ಲ. ಎಂಜಿನ್ ಸ್ವಂತದ್ದು." ಕೊಡೆ ಮಡಚಿ, ಹೊರಟವಳು ತಿರುಗಿ, "ಬೊಲೇ," ಅಂದಳು. ಆಗಬಹುದು. ಆ ಶಬ್ದ ಅವಳ ಬಾಯಲ್ಲಿ ಇದೆ ಅಂತ ನಾನು ಅಂದುಕೊಂಡಿರಲಿಲ್ಲ.

ಭಾವ ಕಟ್ಟೆಯ ಮೇಲೆ ಕೂತು ಮುಖ ತೊಳೆದ. ಬಹಳ ಹೊತ್ತು ತೊಳೆದ.

ಉಳಿದ ದಿನಗಳು, ಮತ್ತೆ ಗಂಗೊಳ್ಳಿ

ಆಮೇಲಿನ ಕೆಲಸ ಕ್ರಮವಾಗಿ ನಡೆಯಿತು. ಟ್ಯಾಂಕು ತೆರೆದು ಗಸಿ ಬಾಚಿದೆವು. ಎರಡನೇ ಪಂಪಿಗೆ ಬೇರೆಯೇ ಹೀರುವ ಪೈಪು, ಬೇರೆಯೇ ಫಿಲ್ಟರು ಹಾಕಿದೆ. ಕ್ಯಾನಿಗೆ ಎತ್ತರದಲ್ಲಿ ಒಂದು ಗೂಡು ಮಾಡಿದೆ, ಇನ್ನು ಯಾರ ಭುಜವೂ ಬೇಡ. ಹಾಗಾಗಿ ಕಡೆಯ ಸಲಹೆ: ಯಾವುದಕ್ಕೇ ಬದಲಿ ಇಟ್ಟರೂ, ಬದಲಿ ಎಲ್ಲಿ ಊಟ ಮಾಡುತ್ತದೆ ಅಂತ ಮೊದಲು ನೋಡಿ. ಎರಡೂ ಒಂದೇ ಎಲೆಯಲ್ಲಿ ಉಣ್ಣುವುದಾದರೆ ಎರಡನೆಯದಕ್ಕೆ ದಂಡ ಖರ್ಚು ಮಾಡಬೇಡಿ.

ಹೊರಡುವ ದಿನ ರಾಲ್ಫ್ ಜಲಜಾಳ ಹತ್ತಿರ ಕ್ಯಾನಿನ ಅಳತೆ ಕೇಳಿ ಬರೆದುಕೊಂಡ. ಅವನ ದೋಣಿಯಲ್ಲಿ ಆಗಲೇ ಒಂದು ಕೆಂಪು ಕ್ಯಾನು ತೂಗುತ್ತಿತ್ತು. ಅದರ ಪಕ್ಕದಲ್ಲಿ ಇನ್ನೊಂದಕ್ಕೆ ಕೊಕ್ಕೆ ಹೊಡೆಯುತ್ತಿದ್ದ. ಅದು ಆದ ಕೂಡಲೇ ಹೊರಡುವುದಂತೆ.

ಊರಿಗೆ ಬಂದು ಸ್ವಲ್ಪ ದಿನವಾಗಿತ್ತು. ಅಂಗಡಿಯಲ್ಲಿ ಕೂತಿದ್ದಾಗ ಭಾವನ ಫೋನು. ಹಿಂದೆ ಗಾಳಿಯ ಸದ್ದು, ಅದರ ಕೆಳಗೆ ಎಂಜಿನ್ನಿನ ಸದ್ದು. ಕಿವಿ ಒತ್ತಿ ಕೇಳಿದೆ. ಕೆಮ್ಮು ಇಲ್ಲ.

"ಬಾವ, ಹೊರ್ಟೆ. ಪಕ್ಕದ ದ್ವೀಪಕ್ಕೆ. ನಾಲ್ಕ್ ದಿನ."

"ಲಾಯ್ಕ್ ಆಯ್ತ್. ಶಿರೂರ್ ಭಟ್ರ್ ಬಂದ್ರ್ಯಾ?"

"ಬಂದ್ರ್, ಬಂದ್ರ್."

"ಹಂಗಾರ್ ಹೋಟ್ಲಿಗೆ ತೊಂದ್ರಿ ಇಲ್ಲೆ."

"ಹೋಟ್ಲಾ? ಎರಡಕ್ಕೂ ಬಾಗ್ಲ್ ಹಾಕಿದೆ," ಅಂದ ಭಾವ. "ಭಟ್ರ್ ಇಲ್ಲೇ ಇದ್ರ್, ದೋಣಿಯಗೆ. ಸಾಂಬಾರ್ ಮಾಡ್ತಿದ್ರ್. ಮಾತಾಡ್ತ್ರ್ಯಾ?"